ಯೂರೋಪಿನ ಚಿತ್ರಕಥಾಪತ್ರಿಕೆಗಳು: ಪಾತ್ರಗಳ ಪ್ರಥಮ ಪ್ರವೇಶವೂ ಮೂಲಪಾಠದ ವಿಚಾರವೂ

೧. ಪೀಠಿಕೆ

ಓಲೆಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಕಾರ್ಯದಲ್ಲಿ ಪರಿಶ್ರಮವುಳ್ಳವರಿಗೆ, ಪ್ರಾಚೀನತರವಾದ ಪ್ರತಿಯೊಂದು ದೊರೆತಾಗ ಆಗುವ ಸಂತೋಷವೆಷ್ಟೆಂಬುದನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಆ ಸಂತೋಷಕ್ಕೂ, ಮಕ್ಕಳಿಗಾಗಿ ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಓದಿದ ಮರುದಿನವೇ ಮೂಲೆ ಸೇರುತ್ತಿದ್ದ ಯೂರೋಪಿನ ಚಿತ್ರಕಥಾಪತ್ರಿಕೆಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಪಾತ್ರವೊಂದು ಮೊಟ್ಟಮೊದಲು ಕಾಣಿಸಿಕೊಂಡ ಸಂಚಿಕೆಯನ್ನು ಹುಡುಕಿ ತೆಗೆದು ಕಾಪಾಡುವ ಸಂಗ್ರಾಹಕನು, ತಾನು ಅರಿತೋ ಅರಿಯದೆಯೋ, ಪಾಠಸಂಶೋಧಕನು ಮಾಡತಕ್ಕ ಕೆಲಸದ ಅರ್ಧಭಾಗವನ್ನು ಮಾಡುತ್ತಿರುತ್ತಾನೆ. ಉಳಿದ ಅರ್ಧಭಾಗವನ್ನು ಕೆಲವೊಮ್ಮೆ ಅವನೇ ಕೆಡಿಸುವುದೂ ಉಂಟು. ಈ ಎರಡು ಮಾತುಗಳನ್ನು ನಿದರ್ಶನಗಳಿಂದ ಸಮರ್ಥಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ಬರುವ ಫ್ರೆಂಚ್ ಮತ್ತು ಇಟಾಲಿಯನ್ ಹೆಸರುಗಳನ್ನು ಆಯಾ ಭಾಷೆಗಳ ಉಚ್ಚಾರಣೆಗೆ ಸಮೀಪವಾಗಿ ಬರೆದಿದೆ; ಟಿನ್‌ಟಿನ್ ಮೊದಲಾದ ಪ್ರಸಿದ್ಧ ಹೆಸರುಗಳನ್ನು ಮಾತ್ರ ರೂಢಿಯಲ್ಲಿರುವಂತೆಯೇ ಇರಿಸಿಕೊಂಡಿದೆ.

೨. ಪತ್ರಿಕೆಗಳ ಪರಂಪರೆ

ಒಂದೇ ಪಾತ್ರವು ಸಂಚಿಕೆಯಿಂದ ಸಂಚಿಕೆಗೆ ಮರಳಿ ಮರಳಿ ಬರುವ ಪದ್ಧತಿಯು ಇಂಗ್ಲೆಂಡಿನಲ್ಲಿ ಅಲಿ ಸ್ಲೋಪರ್ ಎಂಬ ಹಾಸ್ಯಪಾತ್ರದಿಂದ ಬೇರೂರಿತೆನ್ನಬಹುದು. ಚಾರ್ಲ್ಸ್ ಹೆನ್ರಿ ರಾಸ್ ಎಂಬಾತನು ಕಲ್ಪಿಸಿದ ಈ ಸೋಮಾರಿಯು ೧೮೬೭ನೆಯ ಇಸವಿ ಆಗಸ್ಟ್ ೧೪ರ 'ಜೂಡಿ' ಪತ್ರಿಕೆಯಲ್ಲಿ ಮೊದಲು ತೋರಿಬಂದನು. ಅನಂತರದ ಚಿತ್ರಗಳಲ್ಲಿ ಬಹುಪಾಲನ್ನು ಬರೆದಾಕೆ ಮರೀ ಡ್ಯುವಾಲ್ ಎಂಬ ಹೆಸರನ್ನಿಟ್ಟುಕೊಂಡಿದ್ದ ಆತನ ಪತ್ನಿ. ೧೮೮೪ರಲ್ಲಿ ಆ ಪಾತ್ರದ ಹೆಸರಿನಲ್ಲಿಯೇ ಪ್ರತ್ಯೇಕವಾದ ವಾರಪತ್ರಿಕೆ ಹುಟ್ಟಿತು. ೧೮೯೦ರಲ್ಲಿ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಅರ್ಧ ಪೆನ್ನಿಯ ಬೆಲೆಗೆ 'ಕಾಮಿಕ್ ಕಟ್ಸ್' ಪತ್ರಿಕೆಯನ್ನು ಹೊರಡಿಸಿದ ಮೇಲೆ ಈ ಬಗೆಯ ಸಾಹಿತ್ಯವು ದುಡಿಯುವ ಜನರ ಮನೆಗಳನ್ನೂ ಹೊಕ್ಕಿತು. ಸ್ಕಾಟ್ಲೆಂಡಿನ ಡಂಡೀ ನಗರದ ಡಿ. ಸಿ. ಥಾಮ್ಸನ್ ಸಂಸ್ಥೆಯವರು ೧೯೩೭ರ ಡಿಸೆಂಬರ್ ೪ರಂದು 'ಡ್ಯಾಂಡಿ'ಯನ್ನೂ, ೧೯೩೮ರ ಜುಲೈ ೩೦ರಂದು 'ಬೀನೊ'ವನ್ನೂ ಪ್ರಾರಂಭಿಸಿದರು.

ಫ್ರಾನ್ಸಿನಲ್ಲಿ ೧೯೦೫ರ ಫೆಬ್ರವರಿ ೨ರಂದು ಹೊರಟ 'ಲ ಸೆಮೆನ್ ದ ಸುಜೆತ್' ಎಂಬ ಬಾಲಿಕೆಯರ ಪತ್ರಿಕೆಯ ಪ್ರಥಮ ಸಂಚಿಕೆಯಲ್ಲಿ ಬ್ರಿತಾನಿ ಪ್ರಾಂತದ ದಾಸಿ ಬೆಕಾಸೀನ್ ಕಾಣಿಸಿಕೊಂಡಳು. ಖಾಲಿಯುಳಿದ ಒಂದು ಪುಟವನ್ನು ತುಂಬುವುದಕ್ಕಾಗಿ ಅವಸರದಲ್ಲಿ ಸೃಷ್ಟಿಯಾದ ಪಾತ್ರವಿದು. ಆಗಿನ ಫ್ರೆಂಚ್ ಪದ್ಧತಿಯಂತೆ ಮಾತುಗಳು ಚಿತ್ರದ ಕೆಳಗೆ ಅಚ್ಚಾಗುತ್ತಿದ್ದುವು. ಪಾತ್ರದ ಬಾಯಿಂದ ಹೊರಡುವ ಗುಳ್ಳೆಯೊಳಗೆ ಮಾತನ್ನು ಬರೆಯುವ ಕ್ರಮವನ್ನು ಅಲ್ಲಿ ರೂಢಿಗೆ ತಂದವನು ೧೯೨೫ರಲ್ಲಿ 'ಜಿಗ್ ಮತ್ತು ಪ್ಯೂಸ್' ಕಥೆಗಳನ್ನು ಪ್ರಾರಂಭಿಸಿದ ಆಲೆಂ ಸಾಂತೊಗಾಂ. ಇಟಲಿಯಲ್ಲಿ ೧೯೦೮ರ ಡಿಸೆಂಬರ್ ೨೭ರಂದು 'ಕೊರಿಯೆರೆ ದೇಯಿ ಪಿಕ್ಕೊಲಿ' ಎಂಬ ಮಕ್ಕಳ ಪತ್ರಿಕೆ ಹುಟ್ಟಿತು. ಸ್ಪೇಯಿನ್ ದೇಶದ ಬಾರ್ಸೆಲೋನಾದಲ್ಲಿ ೧೯೧೭ರಲ್ಲಿ ಹೊರಟ 'ಟಿ. ಬಿ. ಓ.' ಎಂಬ ಪತ್ರಿಕೆಯು ಎಷ್ಟು ಜನಪ್ರಿಯವಾಯಿತೆಂದರೆ, ಆ ಭಾಷೆಯಲ್ಲಿ ಚಿತ್ರಕಥಾಪತ್ರಿಕೆಗೆ 'ತೆಬೇಯೊ' ಎಂಬುದೇ ಸಾಮಾನ್ಯನಾಮವಾಗಿ ನಿಂತಿತು.

ಬೆಲ್ಜಿಯಂ ದೇಶದ ಪಾಲು ಇವೆಲ್ಲಕ್ಕಿಂತ ಹಿರಿದು. ಬ್ರಸೆಲ್ಸಿನ ಒಂದು ಕ್ಯಾಥೊಲಿಕ್ ದಿನಪತ್ರಿಕೆಯು ಗುರುವಾರಗಳಂದು ಮಕ್ಕಳಿಗಾಗಿ ಕೊಡುತ್ತಿದ್ದ 'ಲ ಪೆತಿ ವ್ಯಾಂತಿಯೆಮ್' ಪುರವಣಿಯಲ್ಲಿ, ೧೯೨೯ರ ಜನವರಿ ೧೦ರಂದು, ಎರ್ಜೆ ಎಂಬ ಹೆಸರಿನಿಂದ ಬರೆಯುತ್ತಿದ್ದ ಜಾರ್ಜ್ ರೆಮಿಯ ಟಿನ್‌ಟಿನ್ ತನ್ನ ಮೊದಲ ಸಾಹಸಕ್ಕೆ ಹೊರಟನು. ೧೯೩೮ರ ಏಪ್ರಿಲ್ ೨೧ರಂದು ದ್ಯುಪ್ವಿ ಸಂಸ್ಥೆಯವರ 'ಸ್ಪಿರು' ಪತ್ರಿಕೆಯೂ, ಎರಡನೆಯ ಮಹಾಯುದ್ಧದ ತರುವಾಯ ೧೯೪೬ರ ಸೆಪ್ಟೆಂಬರ್ ೨೬ರಂದು 'ಟಿನ್‌ಟಿನ್' ಎಂಬ ಹೆಸರಿನ ವಾರಪತ್ರಿಕೆಯೂ ಬಂದುವು. ಪ್ಯಾರಿಸಿನಲ್ಲಿ ೧೯೫೯ರ ಅಕ್ಟೋಬರ್ ೨೯ರಂದು ಹೊರಟ 'ಪಿಲೊತ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಗೊಸಿನಿ ಮತ್ತು ಉದೆರ್ಜೊ ಇವರ ಆಸ್ತೆರಿಕ್ಸ್ ಅವತರಿಸಿದನು.

೩. 'ಪ್ರಥಮ ಪ್ರವೇಶ'ವೆಂದರೇನು?

ಮೇಲೆ ಹೇಳಿದ ದಿನಾಂಕಗಳನ್ನು ನೋಡಿದವರು, ಪ್ರಥಮ ಪ್ರವೇಶವನ್ನು ನಿರ್ಣಯಿಸುವುದು ಸುಲಭವೆಂದು ಭಾವಿಸಬಹುದು. ಪತ್ರಿಕೆಯ ಮೊದಲ ಸಂಚಿಕೆಯೂ ಪಾತ್ರದ ಮೊದಲ ಪ್ರವೇಶವೂ ಒಂದೇ ಆಗಿರುವಲ್ಲಿ ವಿವಾದವಿಲ್ಲ. ಹೋಟೆಲಿನ ಲಿಫ್ಟ್ ನಡೆಸುವ ಹುಡುಗನಾದ ಸ್ಪಿರು, ಬೆಕಾಸೀನ್, ಆಸ್ತೆರಿಕ್ಸ್ ಇವರೆಲ್ಲ ಈ ವರ್ಗಕ್ಕೆ ಸೇರಿದವರು. ಆದರೆ ಅನೇಕ ಪ್ರಸಿದ್ಧ ಪಾತ್ರಗಳು ಹೀಗೆ ಮುಂಬಾಗಿಲಿನಿಂದ ಬಂದವುಗಳಲ್ಲ. ಅಂಥವನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಬೇರೊಬ್ಬನ ಕಥೆಯಲ್ಲಿ ಉಪಪಾತ್ರವಾಗಿ ಬಂದು ಮುಂದೆ ನಾಯಕಪದವಿಗೇರಿದ ಪಾತ್ರಗಳು. ಇಂಗ್ಲಿಷಿನಲ್ಲಿ ಸ್ಮರ್ಫ್ ಎಂದು ಹೆಸರಾದ ನೀಲಿಬಣ್ಣದ ಕುಬ್ಜರನ್ನು ಪೆಯೊ ಎಂಬ ಚಿತ್ರಕಾರನು ೧೯೫೮ರ ಅಕ್ಟೋಬರ್ ೨೩ರ 'ಸ್ಪಿರು' ಸಂಚಿಕೆಯಲ್ಲಿ, ಜೊಹಾನ್ ಮತ್ತು ಪಿರ್ಲುಯಿ ಎಂಬ ಇಬ್ಬರ ಕಥೆಯ ನಡುವೆ ತಂದನು. ಪತ್ರಿಕೆಯಲ್ಲಿ ಆ ಕಥೆಯ ಹೆಸರು 'ಆರು ರಂಧ್ರಗಳ ಕೊಳಲು' ಎಂದಿತ್ತು. ೧೯೬೦ರಲ್ಲಿ ಅದು ಪುಸ್ತಕವಾಗಿ ಬಂದಾಗ, ಅಷ್ಟರಲ್ಲಿ ಪ್ರಸಿದ್ಧರಾಗಿದ್ದ ಆ ಕುಬ್ಜರ ಹೆಸರೇ ಶೀರ್ಷಿಕೆಯನ್ನು ಹೊಕ್ಕಿತು. ಪುಸ್ತಕವನ್ನು ಮಾತ್ರ ನೋಡಿದವನು, ಲೇಖಕನು ಅವರಿಗಾಗಿಯೇ ಕಥೆಯನ್ನು ಹೆಣೆದನೆಂದು ತಪ್ಪಾಗಿ ಊಹಿಸುವನು. ಹ್ಯೂಗೊ ಪ್ರಾಟ್ ಎಂಬಾತನ ಕೊರ್ತೊ ಮಾಲ್ತೆಸೆಯೂ ಹೀಗೆಯೇ. ೧೯೬೭ರ ಜುಲೈ ತಿಂಗಳಲ್ಲಿ 'ಸಾರ್ಜೆಂಟ್ ಕರ್ಕ್' ಎಂಬ ಇಟಾಲಿಯನ್ ಮಾಸಪತ್ರಿಕೆಯ ಪ್ರಥಮ ಸಂಚಿಕೆಯಲ್ಲಿ ಅವನು ನಡುಸಮುದ್ರದಲ್ಲಿ ತೆಪ್ಪಕ್ಕೆ ಕಟ್ಟಲ್ಪಟ್ಟವನಾಗಿ ಕಾಣಿಸಿಕೊಳ್ಳುತ್ತಾನೆ. ಆ ಕಥೆಯಲ್ಲಿ ಅವನು ಹಲವರಲ್ಲಿ ಒಬ್ಬನು.

ಎರಡನೆಯದು, ವಾರದ ಸಂಚಿಕೆಯಲ್ಲದೆ ಬೇರೊಂದು ಪ್ರಕಟಣೆಯಲ್ಲಿ ಮೊದಲು ಬಂದವು. ಮೊರಿಸ್ ಬರೆದ ಲಕಿ ಲ್ಯೂಕ್ ಎಂಬ ಅಶ್ವಾರೋಹಿಯು ೧೯೪೬ರ ಡಿಸೆಂಬರ್ ತಿಂಗಳಲ್ಲಿ ಹೊರಬಿದ್ದ, ಆದರೆ ೧೯೪೭ರ ಹೆಸರನ್ನು ಹೊತ್ತ 'ಸ್ಪಿರು' ವಾರ್ಷಿಕ ಸಂಚಿಕೆಯಲ್ಲಿ ಮೊದಲು ಬಂದನು. ವಾರಪತ್ರಿಕೆಗಳ ಸಂಪುಟಗಳನ್ನು ಎಷ್ಟು ಜಾಲಾಡಿದರೂ ಅವನ ಆ ಪ್ರವೇಶವು ಸಿಕ್ಕುವುದಿಲ್ಲ.

ಮೂರನೆಯದು, ಕಥೆಯೇ ಇಲ್ಲದೆ ಬಂದವು. ಫ್ರಾಂಕೆಂ ಎಂಬ ಚಿತ್ರಕಾರನ ಗಾಸ್ತೊಂ ೧೯೫೭ರ ಫೆಬ್ರವರಿ ೨೮ರ 'ಸ್ಪಿರು'ವಿನಲ್ಲಿ ಒಂದು ಬಾಗಿಲನ್ನು ತೆರೆದು ಸುಮ್ಮನೆ ನಿಂತಿದ್ದನು. ಮಾತಿಲ್ಲ, ಕಥೆಯಿಲ್ಲ, ಪರಿಚಯವಿಲ್ಲ. ಪುಟದ ಅಂಚಿನಲ್ಲಿ ಅಲಂಕಾರಕ್ಕಾಗಿ ಬಂದಂತೆ ತೋರಿದ ಈ ಆಕೃತಿಯೇ ಮುಂದೆ ಆ ಪತ್ರಿಕೆಯ ಅತ್ಯಂತ ಜನಪ್ರಿಯ ಪಾತ್ರಗಳಲ್ಲೊಂದಾಯಿತು.

ಇವಲ್ಲದೆ ಪೂರ್ವರೂಪಗಳ ಪ್ರಶ್ನೆಯೊಂದುಂಟು. ಎರ್ಜೆಯು ೧೯೨೬ರಿಂದ ಬೆಲ್ಜಿಯಂ ಸ್ಕೌಟರ ಪತ್ರಿಕೆಯಲ್ಲಿ ತೊತೊರ್ ಎಂಬ ಬಾಲಕನ ಕಥೆಗಳನ್ನು ಬರೆಯುತ್ತಿದ್ದನು. ೧೯೨೮ರ ಡಿಸೆಂಬರ್ ೩೦ರ 'ಲ ಸಿಫ್ಲೆ' ಪತ್ರಿಕೆಯಲ್ಲಿ ಒಬ್ಬ ಹುಡುಗನನ್ನೂ ಒಂದು ಬಿಳಿಯ ನಾಯಿಮರಿಯನ್ನೂ ಚಿತ್ರಿಸಿದನು. ಇವರು ಟಿನ್‌ಟಿನ್ನನೂ ಅವನ ನಾಯಿಯೂ ಹೌದೇ ಅಲ್ಲವೇ? ಹೆಸರಿಲ್ಲದ ಪಾತ್ರವನ್ನು ಹೆಸರುಳ್ಳ ಪಾತ್ರದೊಡನೆ ಒಂದುಗೂಡಿಸುವುದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ. ಪೂರ್ವರೂಪವು ಪ್ರಥಮ ಪ್ರವೇಶವಲ್ಲ; ಅದು ಪ್ರಥಮ ಪ್ರವೇಶದ ಅರ್ಥವನ್ನು ತಿಳಿಸಿಕೊಡುವ ಸಾಮಗ್ರಿ.

೪. ದಿನಾಂಕದ ವಿಚಾರ

ಮುಖಪುಟದ ಮೇಲಿನ ದಿನಾಂಕವನ್ನು ಹಾಗೆಯೇ ನಂಬುವುದು ಅಪಾಯಕರ. ಇಂಗ್ಲೆಂಡಿನ ವಾರಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ದಿನಾಂಕಕ್ಕಿಂತ ಕೆಲವು ದಿನ ಮೊದಲೇ ಅವು ಅಂಗಡಿಗೆ ಬರುತ್ತಿದ್ದುವು. 'ಬೀನೊ'ವಿನ ೪೫೨ನೆಯ ಸಂಚಿಕೆಯಲ್ಲಿ ಡೆನ್ನಿಸ್ ಎಂಬ ತುಂಟ ಹುಡುಗನು ಮೊದಲು ಬಂದನು. ಅದರ ಮೇಲಿನ ದಿನಾಂಕ ೧೯೫೧ರ ಮಾರ್ಚ್ ೧೭. ಅದೇ ಹೆಸರಿನ, ಅದೇ ಬಿರುದಿನ, ಆದರೆ ಸ್ವಭಾವದಲ್ಲಿ ಬೇರೆಯಾದ ಇನ್ನೊಬ್ಬ ಹುಡುಗನು ಅಮೆರಿಕದ ದಿನಪತ್ರಿಕೆಗಳಲ್ಲಿ ಮಾರ್ಚ್ ೧೨ರಂದು ಕಾಣಿಸಿಕೊಂಡನು. ಮುಖಪುಟವನ್ನು ಮಾತ್ರ ನೋಡಿದರೆ ಇಂಗ್ಲೆಂಡಿನವನು ಐದು ದಿನ ತಡವಾಗಿ ಬಂದವನು, ಆದುದರಿಂದ ಅನುಕರಣವೆಂಬ ಆಕ್ಷೇಪಕ್ಕೆ ಎಡೆಯುಂಟಾಗುತ್ತದೆ. ಆದರೆ ಆ ಸಂಚಿಕೆಯು ಮಾರಾಟಕ್ಕೆ ಬಂದುದು ಮಾರ್ಚ್ ೧೨ರಂದೇ. ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಒಂದೇ ದಿನ ಇಬ್ಬರು ಡೆನ್ನಿಸರು ಹುಟ್ಟಿದುದು ಕೇವಲ ಆಕಸ್ಮಿಕ. ಹೀಗೆ ಐದು ದಿನಗಳ ವ್ಯತ್ಯಾಸವು ಒಬ್ಬ ಚಿತ್ರಕಾರನ ಸ್ವಂತಿಕೆಯ ವಿಷಯದಲ್ಲಿ ನಿರ್ಣಾಯಕವಾಗುತ್ತದೆ.

ಸಂಚಿಕೆಯ ಸಂಖ್ಯೆಯಿಂದ ದಿನಾಂಕವನ್ನು ಲೆಕ್ಕಹಾಕುವುದೂ ಮೋಸಗೊಳಿಸಬಹುದು. 'ಬೀನೊ' ವಾರಪತ್ರಿಕೆ, ೧೯೩೮ರ ಜುಲೈ ೩೦ರಿಂದ ೧೯೫೧ರ ಮಾರ್ಚ್ ೧೭ರ ವರೆಗೆ ಸರಿಯಾಗಿ ೬೫೯ ವಾರಗಳಾಗುತ್ತವೆ. ಈ ಲೆಕ್ಕದಂತೆ ಡೆನ್ನಿಸನ ಸಂಚಿಕೆಯು ೬೬೦ನೆಯದಾಗಬೇಕಾಗಿತ್ತು, ಆದುದು ೪೫೨ನೆಯದು. ಇನ್ನೂರೆಂಟು ಸಂಚಿಕೆಗಳು ಎಲ್ಲಿ ಹೋದುವು? ಯುದ್ಧಕಾಲದ ಕಾಗದದ ಅಭಾವದಿಂದ 'ಬೀನೊ'ವೂ 'ಡ್ಯಾಂಡಿ'ಯೂ ೧೯೪೧ರಿಂದ ಒಂದು ವಾರ ಅದು, ಒಂದು ವಾರ ಇದು ಎಂಬಂತೆ ಸರದಿಯಿಂದ ಹೊರಡುತ್ತಿದ್ದುವು. ಈ ಏರ್ಪಾಡು ೧೯೪೯ರ ವರೆಗೂ ನಡೆಯಿತು. ಎಂಟು ವರ್ಷಗಳ ವಾರಗಳಲ್ಲಿ ಅರ್ಧವೆಂದರೆ ಸುಮಾರು ಇನ್ನೂರೆಂಟು. ಲೆಕ್ಕದಲ್ಲಿ ಕಂಡ ಕೊರತೆಯು ಇತಿಹಾಸದ ಒಂದು ಸಂಗತಿಯನ್ನು ತಾನೇ ಹೇಳುತ್ತದೆ.

೫. ವಿರಳತೆಗೆ ಕಾರಣ

ಈ ಸಂಚಿಕೆಗಳು ವಿರಳವಾದುದು ಕಡಿಮೆ ಅಚ್ಚಾದುದರಿಂದಲ್ಲ. 'ಬೀನೊ'ವಿನ ಪ್ರಥಮ ಸಂಚಿಕೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಇಂದು ಉಳಿದಿರುವುವು ಬೆರಳೆಣಿಕೆಯವು. ನಾಶಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು. ಕಾಗದದ ಗುಣವು ಮೊದಲನೆಯದು. ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲಾಂಶವು ಉಳಿದು, ಬೆಳಕು ಗಾಳಿಗಳ ಸಂಪರ್ಕದಿಂದ ಅದು ಹಳದಿಯಾಗಿ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ನಮ್ಮ ಓಲೆಗರಿಯು ಇದಕ್ಕಿಂತ ಎಷ್ಟೋ ಪಾಲು ದೀರ್ಘಾಯು. ಎರಡನೆಯದು ಯುದ್ಧ. ಇಂಗ್ಲೆಂಡಿನಲ್ಲಿ ರದ್ದಿ ಕಾಗದವನ್ನು ದೇಶಕ್ಕೆ ಒಪ್ಪಿಸಬೇಕೆಂಬ ಚಳವಳಿಯಲ್ಲಿ ಮಕ್ಕಳು ತಮ್ಮ ಹಳೆಯ ಪತ್ರಿಕೆಗಳನ್ನೂ ಕೊಟ್ಟರು. ಬೆಲ್ಜಿಯಂ ದೇಶವನ್ನು ೧೯೪೦ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಆಕ್ರಮಿಸಿದಾಗ 'ಲ ಪೆತಿ ವ್ಯಾಂತಿಯೆಮ್' ನಿಂತೇಹೋಯಿತು.

ಮೂರನೆಯ ಕಾರಣ ವಿದ್ವಾಂಸರು ವಿಶೇಷವಾಗಿ ಗಮನಿಸತಕ್ಕದ್ದು. ಅಚ್ಚಾದ ಪ್ರತಿಯೊಂದು ಗ್ರಂಥದ ಒಂದು ಪ್ರತಿಯನ್ನು ರಾಜ್ಯದ ಭಂಡಾರಕ್ಕೆ ಒಪ್ಪಿಸಬೇಕೆಂಬ ನಿಯಮವು ಫ್ರಾನ್ಸಿನಲ್ಲಿ ೧೫೩೭ರಿಂದಲೇ ಇದ್ದಿತು. ಬೆಲ್ಜಿಯಂ ದೇಶದಲ್ಲಿಯಾದರೋ ಅಂಥ ಕಾನೂನು ಬಂದುದು ೧೯೬೫ರಲ್ಲಿ. ಟಿನ್‌ಟಿನ್, ಸ್ಪಿರು, ಲಕಿ ಲ್ಯೂಕ್, ಗಾಸ್ತೊಂ, ನೀಲಿ ಕುಬ್ಜರು ಇವರೆಲ್ಲರ ಪ್ರಥಮ ಪ್ರವೇಶಗಳೂ ಅದಕ್ಕೆ ಹಿಂದಿನವು. ಯಾವ ದೇಶವು ಈ ಕಲೆಯಲ್ಲಿ ಅಗ್ರಗಣ್ಯವಾಯಿತೋ ಆ ದೇಶದಲ್ಲಿಯೇ, ಅದರ ಶ್ರೇಷ್ಠಕಾಲದ ಪತ್ರಿಕೆಗಳನ್ನು ತಪ್ಪದೆ ಶೇಖರಿಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಖಾಸಗಿ ಸಂಗ್ರಾಹಕರು. ಬ್ರಸೆಲ್ಸಿನಲ್ಲಿ ಚಿತ್ರಕಥೆಗಳಿಗೆಂದೇ ಒಂದು ಕೇಂದ್ರವು ತೆರೆದುದು ೧೯೮೯ರಲ್ಲಿ.

೬. ಪತ್ರಿಕೆಯ ಪಾಠವೂ ಪುಸ್ತಕದ ಪಾಠವೂ

ಹಳೆಯ ಸಂಚಿಕೆಯು ಉಳಿದರೇನು, ಹೋದರೇನು, ಕಥೆಗಳು ಪುಸ್ತಕರೂಪದಲ್ಲಿ ದೊರೆಯುತ್ತವಲ್ಲ ಎಂಬ ಪ್ರಶ್ನೆಯು ಇಲ್ಲಿ ಏಳುತ್ತದೆ. ಈ ಪ್ರಶ್ನೆಗೆ ಉತ್ತರವಾಗಿ ಎರ್ಜೆಯ ಎರಡು ಕೃತಿಗಳನ್ನು ಪರಿಶೀಲಿಸೋಣ.

ಟಿನ್‌ಟಿನ್ನನ ಕಾಂಗೋ ಪ್ರಯಾಣದ ಕಥೆಯು ೧೯೩೦ ಮತ್ತು ೧೯೩೧ರಲ್ಲಿ ಪುರವಣಿಯಲ್ಲಿ ಬಂದಿತು. ಕಾಂಗೋ ಆಗ ಬೆಲ್ಜಿಯಂ ದೇಶದ ಅಧೀನದಲ್ಲಿತ್ತು. ಮೂಲದಲ್ಲಿ ಟಿನ್‌ಟಿನ್ ಅಲ್ಲಿಯ ಮಕ್ಕಳಿಗೆ ಶಾಲೆಯಲ್ಲಿ ಪಾಠ ಹೇಳುವಾಗ, ಬೆಲ್ಜಿಯಮ್ಮೇ ನಿಮ್ಮ ದೇಶವೆಂದು ಬೋಧಿಸುತ್ತಾನೆ. ೧೯೪೬ರಲ್ಲಿ ಬಣ್ಣದ ಪುಸ್ತಕವಾಗಿ ಬಂದಾಗ ಆ ಪಾಠವು ಬರಿಯ ಕೂಡುವ ಲೆಕ್ಕದ ಪಾಠವಾಯಿತು. ತಿದ್ದಿದ ಪುಸ್ತಕವನ್ನು ಮಾತ್ರ ಓದಿದವನಿಗೆ, ವಸಾಹತಿನ ಮಕ್ಕಳಿಗೆ ಏನನ್ನು ಕಲಿಸುವುದು ಸಹಜವೆಂದು ಆ ಕಾಲದ ಬ್ರಸೆಲ್ಸ್ ಭಾವಿಸಿತ್ತೆಂಬುದು ತಿಳಿಯುವುದೇ ಇಲ್ಲ.

ಎರಡನೆಯ ನಿದರ್ಶನವು ಇನ್ನೂ ಗುರುತರವಾದುದು. ಉಲ್ಕೆಯೊಂದನ್ನು ಹುಡುಕಿ ಹೊರಡುವ ಕಥೆಯು ೧೯೪೧ರ ಅಕ್ಟೋಬರಿನಿಂದ ೧೯೪೨ರ ಮೇ ತಿಂಗಳವರೆಗೆ, ಜರ್ಮನರ ಹಿಡಿತದಲ್ಲಿದ್ದ 'ಲ ಸ್ವಾರ್' ದಿನಪತ್ರಿಕೆಯಲ್ಲಿ ನಡೆಯಿತು. ಪ್ರಪಂಚದ ಅಂತ್ಯವಾದರೆ ಸಾಲ ತೀರಿಸಬೇಕಾದುದಿಲ್ಲವೆಂದು ಇಬ್ಬರು ಯಹೂದಿಗಳು ಸಂತೋಷಪಡುವ ಒಂದು ಹೀನವಾದ ಹಾಸ್ಯವು ಅದರಲ್ಲಿ ಅಚ್ಚಾಯಿತು. ಬೆಲ್ಜಿಯಂ ದೇಶದ ಯಹೂದಿಗಳನ್ನು ಮರಣಶಿಬಿರಗಳಿಗೆ ಸಾಗಿಸುವುದು ೧೯೪೨ರಲ್ಲಿಯೇ ಪ್ರಾರಂಭವಾಯಿತೆಂಬುದನ್ನು ನೆನೆದರೆ ಆ ಹಾಸ್ಯದ ಭಾರವು ಅರಿವಾಗುತ್ತದೆ. ಪುಸ್ತಕದಲ್ಲಿ ಆ ಚಿತ್ರಗಳು ಸೇರಲಿಲ್ಲ. ಖಳನಾದ ಧನಿಕನಿಗೆ ಮೊದಲಿದ್ದ ಬ್ಲೂಮೆನ್‌ಸ್ಟೈನ್ ಎಂಬ ಹೆಸರೂ, ಅವನ ಕಡೆಯವರ ಅಮೆರಿಕದ ಧ್ವಜವೂ ಅನಂತರದ ಮುದ್ರಣಗಳಲ್ಲಿ ಬದಲಾದುವು. ಬದಲಾವಣೆಯನ್ನು ಮಾಡಿದುದು ಸರಿಯೇ ಇರಬಹುದು. ಆದರೆ ಅದನ್ನು ಮಾಡಲಾಯಿತೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುದು ಹಳೆಯ ಪತ್ರಿಕೆಯ ಹಾಳೆ. ಆ ಹಾಳೆ ಹೋದರೆ ಸಾಕ್ಷಿಯೂ ಹೋಗುತ್ತದೆ.

ಕ್ಯಾಪ್ಟನ್ ಹ್ಯಾಡಕ್ ಎಂಬ ಜನಪ್ರಿಯ ಪಾತ್ರವು ಮೊದಲು ಬಂದುದೂ ೧೯೪೧ರಲ್ಲಿ, ಅದೇ 'ಲ ಸ್ವಾರ್' ಪತ್ರಿಕೆಯಲ್ಲಿ. ಆದುದರಿಂದ ಹ್ಯಾಡಕ್ಕನ ಪ್ರಥಮ ಪ್ರವೇಶವನ್ನು ಸಂಗ್ರಹಿಸುವವನು ಬರಿಯ ಒಂದು ವಿನೋದದ ಚಿತ್ರವನ್ನಲ್ಲ, ಪರಾಧೀನವಾದ ಒಂದು ನಗರದ ದಾಖಲೆಯನ್ನು ಕೈಯಲ್ಲಿ ಹಿಡಿದಿರುತ್ತಾನೆ. ಚಿತ್ರದ ಸುತ್ತ ಅಚ್ಚಾದ ವರ್ತಮಾನಗಳೂ ಜಾಹೀರಾತುಗಳೂ ಅದರ ವ್ಯಾಖ್ಯಾನವೇ ಆಗಿವೆ.

೭. ಪ್ರತಿಯ ಪರೀಕ್ಷೆ

ಸಂಚಿಕೆಯೊಂದು ಕೈಗೆ ಬಂದಾಗ ಅದು ನಿಜವಾದ ಮೂಲವೇ ಎಂದು ಹೇಗೆ ನಿಶ್ಚಯಿಸುವುದು? ಪ್ರಸಿದ್ಧ ಪತ್ರಿಕೆಗಳ ಪ್ರಥಮ ಸಂಚಿಕೆಗಳಿಗೆ ಪ್ರಕಾಶಕರೇ ಸ್ಮರಣಾರ್ಥವಾಗಿ ಯಥಾಪ್ರತಿಗಳನ್ನು ಅಚ್ಚುಹಾಕಿಸಿದ್ದಾರೆ. 'ಬೀನೊ'ವಿಗೂ, ಜ್ಯೂಸಾನಿ ಸೋದರಿಯರು ೧೯೬೨ರ ನವೆಂಬರಿನಲ್ಲಿ ಪ್ರಾರಂಭಿಸಿದ ಇಟಲಿಯ 'ದಿಯಾಬೋಲಿಕ್'ಗೂ ಅಂಥ ಮರುಮುದ್ರಣಗಳುಂಟು. ಮೊದಲು ನೋಡಬೇಕಾದುದು ಕಾಗದವನ್ನು: ಎಪ್ಪತ್ತು ಎಂಬತ್ತು ವರ್ಷದ ಅಗ್ಗದ ಕಾಗದವು ಬೆಳ್ಳಗೆ ಹೊಳೆಯುತ್ತಿದ್ದರೆ ಸಂಶಯಪಡಬೇಕು. ಭೂತಗನ್ನಡಿಯಿಂದ ನೋಡಿದರೆ ಮೂಲದ ಗೆರೆಗೂ, ಮೂಲವನ್ನು ಛಾಯಾಚಿತ್ರ ತೆಗೆದು ಅಚ್ಚುಹಾಕಿದ ಗೆರೆಗೂ ಭೇದ ಕಾಣುತ್ತದೆ. ಎರಡನೆಯದರಲ್ಲಿ ಸೂಕ್ಷ್ಮರೇಖೆಗಳು ಕಟ್ಟಿಕೊಂಡು ದಪ್ಪವಾಗಿರುತ್ತವೆ. ಮಡಿಕೆಯಲ್ಲಿ ಹೊಲಿದ ತಂತಿಯ ತುಕ್ಕನ್ನೂ, ಆ ತುಕ್ಕು ಕಾಗದಕ್ಕೆ ಇಳಿದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

'ಸ್ಪಿರು' ಮುಂತಾದ ಪತ್ರಿಕೆಗಳ ಮಾರಾಟವಾಗದೆ ಉಳಿದ ಸಂಚಿಕೆಗಳನ್ನು ಪ್ರಕಾಶಕರು ರಟ್ಟು ಕಟ್ಟಿಸಿ ಸಂಪುಟಗಳಾಗಿ ಮಾರುತ್ತಿದ್ದರು. ಹೀಗೆ ಕಟ್ಟುವಾಗ ಅಂಚನ್ನು ಕತ್ತರಿಸುತ್ತಿದ್ದುದರಿಂದ, ಸಂಪುಟದಿಂದ ಬಿಡಿಸಿ ತೆಗೆದ ಸಂಚಿಕೆಯು ಬಿಡಿಯಾಗಿ ಮಾರಿದುದಕ್ಕಿಂತ ಅಳತೆಯಲ್ಲಿ ಕಿರಿದಾಗಿರುತ್ತದೆ. ಪತ್ರಿಕೆಯೊಡನೆ ಬಂದ ಉಚಿತ ವಸ್ತುಗಳೂ ಗಣನೆಗೆ ಬರುತ್ತವೆ. 'ಡ್ಯಾಂಡಿ'ಯ ಮೊದಲ ಸಂಚಿಕೆಯೊಡನೆ ಒಂದು ಪೀಪಿಯನ್ನು ಕೊಟ್ಟಿದ್ದರು. ಆ ಪೀಪಿಸಮೇತವಾದ ಪ್ರತಿಯೊಂದು ೨೦೦೪ರ ಹರಾಜಿನಲ್ಲಿ ಇಪ್ಪತ್ತು ಸಾವಿರ ಪೌಂಡುಗಳಿಗೂ ಮಿಕ್ಕ ಬೆಲೆಗೆ ಹೋಯಿತು. ಮೂಲಚಿತ್ರಗಳ ಬೆಲೆ ಬೇರೆ ಮಾತು. ಎರ್ಜೆಯು ೧೯೩೬ರ ಸುಮಾರಿಗೆ 'ನೀಲಕಮಲ'ದ ಮುಖಪುಟಕ್ಕಾಗಿ ಬರೆದ ವರ್ಣಚಿತ್ರವೊಂದು ೨೦೨೧ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಮೂವತ್ತು ಲಕ್ಷ ಯೂರೊಗಳನ್ನು ಮೀರಿತು. ಆದರೆ ಮೂಲಚಿತ್ರವು ಚಿತ್ರಕಾರನ ಕೈಬರಹ. ಪತ್ರಿಕೆಯಾದರೋ ಓದುಗರ ಕೈಗೆ ಬಂದ ಪಾಠ. ಸಾಹಿತ್ಯದ ಇತಿಹಾಸಕ್ಕೆ ಎರಡೂ ಬೇಕು, ಒಂದು ಮತ್ತೊಂದಕ್ಕೆ ಬದಲಾಗದು.

೮. ಸಂಗ್ರಾಹಕನಿಂದಾಗುವ ಹಾನಿ

ಸಂಗ್ರಾಹಕರಿಂದ ಆದ ಉಪಕಾರವನ್ನು ಹೇಳಿದ ಮೇಲೆ ಅಪಕಾರವನ್ನೂ ಹೇಳದಿರುವುದು ನ್ಯಾಯವಲ್ಲ. ಪ್ರಥಮ ಪ್ರವೇಶದ ಸಂಚಿಕೆಯೊಂದಕ್ಕೆ ಉಳಿದ ಐವತ್ತು ಸಂಚಿಕೆಗಳನ್ನು ಸೇರಿಸಿದರೂ ಬಾರದಷ್ಟು ಬೆಲೆ ಬಂದಾಗ, ವರ್ತಕನು ಪೂರ್ಣ ಸಂಪುಟವನ್ನು ಒಡೆದು ಆ ಒಂದನ್ನು ಮಾತ್ರ ಕಿತ್ತು ಮಾರುತ್ತಾನೆ. ಉಳಿದುವು ಚದರಿಹೋಗುತ್ತವೆ. ಸಚಿತ್ರವಾದ ಓಲೆಯ ಕಟ್ಟಿನಿಂದ ಚಿತ್ರವಿರುವ ಗರಿಗಳನ್ನು ಮಾತ್ರ ಕಿತ್ತು ಮಾರಿದಂತೆಯೇ ಇದು. ಹಳದಿಯಾದ ಹಾಳೆಯನ್ನು ರಾಸಾಯನಿಕಗಳಿಂದ ಬಿಳುಪು ಮಾಡಿಸುವುದು, ಹರಿದ ಅಂಚನ್ನು ಬೇರೆ ಪ್ರತಿಯ ತುಂಡಿನಿಂದ ಕೂಡಿಸಿ ಅದನ್ನು ಹೇಳದೆ ಮಾರುವುದು, ಇವೂ ಸಾಕ್ಷ್ಯವನ್ನು ಕೆಡಿಸುವ ಕೃತ್ಯಗಳೇ.

ಇದಕ್ಕಿಂತ ಸೂಕ್ಷ್ಮವಾದ ದೋಷವು ಭಾವನೆಯಲ್ಲಿದೆ. ಪಾತ್ರವು ಮೊದಲ ದಿನವೇ ಪೂರ್ಣವಾಗಿ ಹುಟ್ಟಿತೆಂಬ ಭ್ರಮೆಯನ್ನು ಈ ಹವ್ಯಾಸವು ಬೆಳೆಸುತ್ತದೆ. ೧೯೨೯ರ ಜನವರಿ ೧೦ರ ಟಿನ್‌ಟಿನ್ನನ ಮುಂಗೂದಲು ಹಣೆಯ ಮೇಲೆ ಚಪ್ಪಟೆಯಾಗಿ ಮಲಗಿತ್ತು; ಮುಂದಿನ ಕಂತೊಂದರಲ್ಲಿ ವೇಗವಾಗಿ ಮೋಟಾರು ನಡೆಸುವಾಗ ಗಾಳಿಗೆ ಮೇಲೆದ್ದ ಅದು ಮತ್ತೆ ಕೆಳಗಿಳಿಯಲಿಲ್ಲ. ಇಂದು ಅವನ ಗುರುತಾಗಿರುವ ಜುಟ್ಟು ಪ್ರಥಮ ಪ್ರವೇಶದಲ್ಲಿ ಇರಲೇ ಇಲ್ಲ. ಪಾತ್ರವು ಸಂಚಿಕೆಯಿಂದ ಸಂಚಿಕೆಗೆ, ಓದುಗರ ಕಣ್ಣೆದುರಿನಲ್ಲಿ ಬೆಳೆಯಿತು. ಆ ಬೆಳವಣಿಗೆಯನ್ನು ತಿಳಿಯಬೇಕಾದರೆ ಮೊದಲ ಸಂಚಿಕೆಯೊಂದೇ ಸಾಲದು, ಅದರ ಬೆನ್ನಿಗೆ ಬಂದವೆಲ್ಲ ಕ್ರಮವಾಗಿ ಬೇಕು.

೯. ಉಪಸಂಹಾರ

ಆದುದರಿಂದ ಸಂಗ್ರಾಹಕರು ಪಾಲಿಸತಕ್ಕ ನಿಯಮಗಳು ಕೆಲವೇ: ಕಟ್ಟಿದ ಸಂಪುಟವನ್ನು ಒಡೆಯಬಾರದು, ಪ್ರತಿಯು ಯಾರಿಂದ, ಎಲ್ಲಿಂದ ಬಂದಿತೆಂಬುದನ್ನು ಬರೆದಿಡಬೇಕು, ಜೀರ್ಣೋದ್ಧಾರ ಮಾಡಿದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕು, ಆಮ್ಲವಿಲ್ಲದ ಹೊದಿಕೆಯಲ್ಲಿ, ಬೆಳಕು ಬೀಳದ ತಂಪಾದ ಸ್ಥಳದಲ್ಲಿ ಇಡಬೇಕು, ತನ್ನ ತರುವಾಯ ಅದು ಯಾವ ಭಂಡಾರಕ್ಕೆ ಸೇರಬೇಕೆಂಬುದನ್ನು ತಾನಿರುವಾಗಲೇ ನಿಶ್ಚಯಿಸಬೇಕು. ವಿದ್ವಾಂಸರ ಪಾಲಿನ ಕರ್ತವ್ಯವೂ ಇದೆ. ಪುಸ್ತಕವನ್ನು ಮಾತ್ರ ಓದಿ ಪತ್ರಿಕೆಯ ಕಾಲವನ್ನು ಕುರಿತು ತೀರ್ಮಾನ ಹೇಳುವುದನ್ನು ಅವರು ಬಿಡಬೇಕು.

ನಮ್ಮ ಭಾಷೆಯಲ್ಲಿಯೂ ಪತ್ರಿಕೆಗಳಲ್ಲಿ ಕಂತುಕಂತಾಗಿ ಬಂದು ಅನಂತರ ಪುಸ್ತಕಗಳಾದ ಕೃತಿಗಳಿಗೆ ಕಡಿಮೆಯಿಲ್ಲ. ಅವುಗಳ ಪತ್ರಿಕಾಪಾಠವು ಕೂಡ ಇಂಥ ಕಾಗದದ ಮೇಲೆಯೇ ಅಚ್ಚಾಗಿದೆ, ಇಂಥ ಮೂಲೆಗಳಲ್ಲಿಯೇ ಬಿದ್ದಿದೆ. ಬ್ರಸೆಲ್ಸಿನ ಒಬ್ಬ ಹುಡುಗನು ಓದಿ ಎತ್ತಿಟ್ಟ ಎರಡು ಪುಟಗಳು ಒಂದು ದೇಶದ ಇತಿಹಾಸಕ್ಕೆ ಸಾಕ್ಷಿಯಾದುವೆಂಬುದನ್ನು ನೆನೆದಾದರೂ, ನಾವು ರದ್ದಿಯೆಂದು ತೂಕಕ್ಕೆ ಹಾಕುವ ಮೊದಲು ಹಳೆಯ ಕಟ್ಟುಗಳನ್ನು ಒಮ್ಮೆ ಬಿಚ್ಚಿ ನೋಡುವುದು ಲೇಸು.